ಹಗೇವಿನ ಮೇಲೆ ಮೊಸಾಯಿಕ್

"ಉಬ್ಬಿಲ್ಲ," ಎಂದು ಪರಮೇಶ ಮೂರನೇ ಸಲ ಹೇಳಿದ.

ನಜೀಬ ಮಿಸ್ತ್ರಿ ವಾದಕ್ಕಿಳಿಯಲಿಲ್ಲ. ಪಡಸಾಲೆಯ ನಡುವೆ ಮೊಣಕಾಲೂರಿ ಕೂತು, ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಹೊಸ ಮೊಸಾಯಿಕ್ ನೆಲದ ಮೇಲೆ ಅಡ್ಡ ಇಟ್ಟ. ಪಟ್ಟಿ ಒಮ್ಮೆ ಆ ಕಡೆ ವಾಲಿತು, ಒಮ್ಮೆ ಈ ಕಡೆ ವಾಲಿತು. ಅದರ ಮೇಲೆ ರಸಮಟ್ಟ ಇಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಲ್ಲದೆ ಮೂಲೆಗೆ ಓಡಿತು.

"ನಾ ಹೇಳಿದ್ರ ಸುಳ್ಳಂತೀರಿ, ಸರ್. ಗುಳ್ಳಿಗೆ ಸುಳ್ಳು ಹೇಳಾಕ ಬರಂಗಿಲ್ರಿ."

"ನಿಮ್ಮ ರಸಮಟ್ಟ ಹಳೇದು."

"ಹಳೇದು ಹೌದ್ರಿ. ನಮ್ಮಪ್ಪಂದು."

ಉಬ್ಬು ಇತ್ತು. ಊಟದ ಗಂಗಾಳದಷ್ಟು ಅಗಲ, ಅರ್ಧ ಬೆರಳಿನಷ್ಟು ಎತ್ತರ, ಸುತ್ತ ಸವಳುಪ್ಪಿನ ಬಿಳಿ ಗೆರೆ. ನಾಲ್ಕು ದಿನದ ಹಿಂದೆಯೇ ಪರಮೇಶ ಅದನ್ನು ನೋಡಿದ್ದ. ನೋಡಿ, ಅದರ ಮೇಲೆ ಟೀಪಾಯಿ ಇಟ್ಟಿದ್ದ. ಟೀಪಾಯಿ ಕುಂಟತೊಡಗಿದಾಗ ಅದರ ಒಂದು ಕಾಲಿಗೆ ದಿನಪತ್ರಿಕೆ ಮಡಚಿ ಕೊಟ್ಟಿದ್ದ. ಅಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದು ಭಾವಿಸಿ ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದ್ದ. ಇವತ್ತು ಕೊನೆಯ ಪಾಲಿಶ್ ಹೊಡೆಯಲು ಬಂದ ಮಿಸ್ತ್ರಿ ಬಂದವನೇ ಟೀಪಾಯಿ ಎತ್ತಿ ಅಂಗಳದಲ್ಲಿಟ್ಟುಬಿಟ್ಟ.

"ಇದರ ಬುಡಕ ಏನೈತ್ರಿ?"

"ಮಣ್ಣು. ನೆಲದ ಬುಡಕ ಮತ್ತೇನಿರ್ತೈತಿ?"

"ಎಂಥ ಮಣ್ರಿ?"

"ಮಣ್ಣು ಅಂದ್ರ ಮಣ್ಣು, ಮಿಸ್ತ್ರಿ."

ಗಂಗಾವತಿಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಭೂಗೋಳ ಹೇಳುತ್ತ, ಮಣ್ಣಿನಲ್ಲಿ ಎಷ್ಟು ಬಗೆ, ಯಾವುದರ ಗುಣ ಏನು ಎಂದು ಕಪ್ಪುಹಲಗೆಯ ಮೇಲೆ ಬರೆದು ಸಂಬಳ ತಿನ್ನುವ ಮನುಷ್ಯ ಹೀಗೆ ಹೇಳಿದ. ಹೇಳಿ ಗಡಿಯಾರ ನೋಡಿದ. ಏಳೂವರೆ. ಸಂಜೆ ಐದಕ್ಕೆ ಪ್ರಿನ್ಸಿಪಾಲರು ಚಹಾಕ್ಕೆ ಬರುವವರಿದ್ದರು.

ಕೆಳಗೆ ಏನಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಹಗೇವಿತ್ತು. ಮುತ್ತಜ್ಜನ ಕಾಲದಲ್ಲಿ ಜೋಳ ತುಂಬಿಡಲೆಂದು ಪಡಸಾಲೆಯ ನಡುವೆಯೇ ಎರಡಾಳು ಆಳ ತೋಡಿದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು, ಬಾಯಿಗೆ ದುಂಡನೆಯ ಕಲ್ಲಿನ ಮುಚ್ಚಳ. ಎಡದಂಡೆ ಕಾಲುವೆಯ ನೀರು ಅವನ ಊರು ಹಿರೇಜಂತಕಲ್ಲಿನ ಸುತ್ತ ಹರಿದು, ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದ ಮೇಲೆ ಹಗೇವಿಗೆ ಜೋಳವೂ ಉಳಿಯಲಿಲ್ಲ, ಒಣ ನೆಲವೂ ಉಳಿಯಲಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಅದು ತಾನಾಗಿ ತುಂಬುತ್ತಿತ್ತು, ನೀರು ನಿಲ್ಲಿಸಿದಾಗ ತಾನಾಗಿ ಇಳಿಯುತ್ತಿತ್ತು. ಅರವತ್ತು ವರ್ಷ ಯಾರಿಗೂ ತೊಂದರೆ ಕೊಡದೆ ಹೀಗೆ ಉಸಿರಾಡಿಕೊಂಡಿತ್ತು.

ಮೇ ತಿಂಗಳಲ್ಲಿ, ಕಾಲುವೆ ಒಣಗಿದ್ದಾಗ, ನಜೀಬ ಕೆಲಸಕ್ಕೆ ಬರುವ ಎರಡು ದಿನ ಮೊದಲು ಪರಮೇಶ ಅದನ್ನು ತುಂಬಿಸಿದ. ಮಿಸ್ತ್ರಿಗೆ ಹೇಳಿದ್ದರೆ ಅವನು, ಕಲ್ಲುಹರಳಿನ ಗರಸು ಹಾಕ್ರಿ, ಒಂದೊಂದು ಪದರಕ್ಕೂ ದಿಮ್ಮಸು ಹೊಡೆದು ಗಟ್ಟಿ ಮಾಡ್ರಿ, ಒಂದು ಮಳೆಗಾಲ ಹಂಗ ಬಿಡ್ರಿ ಎನ್ನುತ್ತಿದ್ದ. ಪರಮೇಶನಿಗೆ ಒಂದು ಮಳೆಗಾಲ ಕಾಯುವ ತಾಳ್ಮೆ ಇರಲಿಲ್ಲ. ಸ್ವಂತ ಹೊಲದಿಂದ ಟ್ರ್ಯಾಕ್ಟರಿನಲ್ಲಿ ಎರೆ ಮಣ್ಣು ತರಿಸಿ ಸುರಿಸಿದ. ನಮ್ಮ ಹೊಲದ ಮಣ್ಣು ನಮ್ಮ ಮನೆಯ ಬುಡಕ್ಕೆ ಎಂದುಕೊಂಡಾಗ ಅವನ ಕಣ್ಣು ತೇವವಾಗಿತ್ತು ಕೂಡ. ಮೇಲೆ ಮರಳು ಹರಡಿ, ಕಾಲಿನಿಂದ ತುಳಿದು, ಏನೂ ಆಗಿಲ್ಲವೆಂಬಂತೆ ಕೈ ತೊಳೆದುಕೊಂಡ. ಹೋದ ವಾರ ಕಾಲುವೆಗೆ ಮತ್ತೆ ನೀರು ಬಿಟ್ಟಿದ್ದರು.

ಇಷ್ಟು ಅವಸರ ಏಕೆಂದರೆ ಆಗಲೇ ಮೂವತ್ತೆಂಟು ವರ್ಷ ತಡವಾಗಿತ್ತು. ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ತೌಡು ತರಲು, ಕಾಲುವೆ ನೀರಿಗೆಂದು ವಲಸೆ ಬಂದವರ ಕ್ಯಾಂಪಿನ ರೈಸ್ ಮಿಲ್ಲಿನ ಮಾಲೀಕರ ಮನೆಗೆ ಹೋಗಿದ್ದ. ಹೊಸ್ತಿಲಾಚೆ ಕಪ್ಪು, ಕೆಂಪು, ಬಿಳಿ ಕಲ್ಲಿನ ಹರಳುಗಳ ನುಣ್ಣನೆಯ ನೆಲ. ಆ ನೆಲದೊಳಗೆ ಫ್ಯಾನು ತಿರುಗುತ್ತಿತ್ತು. ಅವನು ತಲೆಯೆತ್ತಿ ನೋಡಿದ ಮೇಲೇ ಅದು ಮೇಲಿನ ಫ್ಯಾನೆಂದು ತಿಳಿದದ್ದು. "ಕಾಲು ಕೆಸರೈತಿ, ಅಲ್ಲೇ ನಿಂದ್ರು," ಎಂದು ಮನೆಯಾಕೆ ಹೇಳಿದ್ದಳು. ಬಯ್ದದ್ದಲ್ಲ, ಸುಮ್ಮನೆ ಹೇಳಿದ್ದು. ಪರಮೇಶ ಅಲ್ಲೇ ನಿಂತಿದ್ದ. ಅಲ್ಲಿಂದ ಎಂ.ಎ. ಮಾಡಿ, ಬಿ.ಎಡ್. ಮಾಡಿ, ನೌಕರಿ ಹಿಡಿದು, ಮದುವೆಯಾಗಿ, ಒಟ್ಟಿನಲ್ಲಿ ಅಲ್ಲೇ ನಿಂತಿದ್ದ.

ಹೆಂಡತಿ ಕವಿತಾ ಟೈಲ್ಸ್ ಸಾಕು ಎಂದಿದ್ದಳು. ಟೈಲ್ಸ್ ಬಸ್ ಸ್ಟ್ಯಾಂಡಿನ ಪಾಯಿಖಾನೆಯಲ್ಲೂ ಇರುತ್ತವೆ ಎಂದು ಪರಮೇಶ ಉತ್ತರಿಸಿದ್ದ. ಅವಳು ಆಮೇಲೆ ಆ ಮಾತೆತ್ತಲಿಲ್ಲ. ಹಾಗೆ ನೋಡಿದರೆ ಬೇರೆ ಮಾತನ್ನೂ ಹೆಚ್ಚು ಎತ್ತಲಿಲ್ಲ. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಹಾದ ಲೋಟ ಹಿಡಿದು ಮಿಸ್ತ್ರಿಯ ರಸಮಟ್ಟವನ್ನೂ ಗಂಡನ ಮುಖವನ್ನೂ ನೋಡುತ್ತಿದ್ದಳು.

"ಇವರ ರಸಮಟ್ಟ ಸರಿ ಇಲ್ಲ," ಎಂದ ಪರಮೇಶ ಅವಳಿಗೆ.

"ಹೌದ್ರಿ. ಕುಣಿಯಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ."

ನಜೀಬ ತಲೆ ತಗ್ಗಿಸಿ ನಕ್ಕ. ಪರಮೇಶನಿಗೆ ಸಿಟ್ಟು ಬಂತು. ಆದರೆ ಸಿಟ್ಟಿಗೆ ಒಂದು ತಪ್ಪು ಬೇಕು, ಹತ್ತಿರದಲ್ಲಿದ್ದದ್ದು ಅವನದೇ. ಕಾಲೇಜಿಗೆ ಹೊತ್ತಾಯಿತೆಂದು ಹಿತ್ತಲಿಗೆ ಹೋದ.

ಹಿತ್ತಲ ಕೊಟ್ಟಿಗೆಯಲ್ಲಿ ಅವ್ವ ಇದ್ದಳು. ದನ ಮಾರಿ ಹತ್ತು ವರ್ಷವಾಗಿತ್ತು. ನೆಲದ ಕೆಲಸ ಸುರುವಾದಾಗ, ಎಂಟು ದಿನದ ಮಟ್ಟಿಗೆ ಎಂದು ಹೇಳಿ, ಅವಳು ಮಲಗುವ ಹೊರಸನ್ನು ಅಲ್ಲಿ ಹಾಕಿದ್ದರು. ಎರಡು ತಿಂಗಳು ದಾಟಿತ್ತು. ಹಂಪವ್ವನಿಗೆ ಎಂಬತ್ತರ ಆಸುಪಾಸು. ಕಣ್ಣು ಹೋಗಿ ಎಂಟು ವರ್ಷ.

"ಬಂದ್ಯಾ ಪರಮೇಶ?" ಎಂದಳು, ಅವನು ಬಾಯಿ ತೆರೆಯುವ ಮೊದಲೇ.

ಯಾವಾಗಲೂ ಹೀಗೇ. ಅವನ ಹೆಜ್ಜೆ ಅವಳಿಗೆ ಗೊತ್ತು. ಮಣ್ಣಿನ ನೆಲದ ಮೇಲೆ ಹಿಮ್ಮಡ ಊರಿ ದಪ್ ದಪ್ ಎಂದು ನಡೆಯುತ್ತಾನೆ, ಅವರಪ್ಪನ ಹಾಗೆ. ಕವಿತಾಳದು ಸರಸರ, ನೆರೆಮನೆಯ ಜೋಹರಾಬಿಯದು ಒಂದು ಕಾಲು ಎಳೆದದ್ದು. ಪರಮೇಶನಿಗೆ ಈ ಗುರುತು ಅಷ್ಟೇನೂ ಇಷ್ಟವಿರಲಿಲ್ಲ. ಎರಡು ಡಿಗ್ರಿ ಮಾಡಿ, ಬೂಟು ಹಾಕಿ, ಸೆಂಟು ಹೊಡೆದು ಬಂದರೂ ಹಿಮ್ಮಡದಿಂದ ಹಿಡಿದುಹಾಕುತ್ತಾಳಲ್ಲ ಎನಿಸುತ್ತಿತ್ತು.

"ಇವತ್ತು ನಿನ್ನ ಒಳಗ ಕರಕೊಂಡು ಹೋಗ್ತೀವಿ, ಅವ್ವ. ನೆಲ ಮುಗೀತು."

"ಹಗೇವು ಏನ ಮಾಡಿದಿ?"

"ಮುಚ್ಚೀವಿ ಅಂತ ಹೇಳಿದ್ನಲ್ಲ."

"ಮುಚ್ಚಿದ್ರ ಅದರಾಗಿನ ನೀರು ಎಲ್ಲಿಗೆ ಹೋಗಬೇಕಪ್ಪ?"

"ಎಲ್ಲಿಗೋ ಹೋಗ್ತೈತಿ. ನೀ ಎಡವಬಾರ್ದು ಅಂತ ಮಾಡಿದ್ದು ಇದೆಲ್ಲ."

"ನಾ ಯಾವಾಗ ಎಡವಿದ್ನೋ?"

ಅವಳು ಎಡವಿದ್ದೇ ಇಲ್ಲ. ಕಣ್ಣು ಹೋದ ಮೇಲೂ ಕೋಲು ಹಿಡಿಯದೆ ಮನೆ ತುಂಬ ಓಡಾಡುತ್ತಿದ್ದಳು. ಹೊಸ್ತಿಲು ದಾಟಿದ ಮೇಲೆ ಒಂದು ತಗ್ಗು. ಅದರ ಬಲಕ್ಕೆ ಅಪ್ಪನ ಮಂಚದ ಕಾಲು ಊರಿ ಊರಿ ಬಿದ್ದ ನಾಲ್ಕು ಕುಳಿ. ನಡುವೆ ಹಗೇವಿನ ತಣ್ಣನೆಯ ಕಲ್ಲು. ಅಲ್ಲಿಂದ ಏಳು ಹೆಜ್ಜೆಗೆ ಅಡುಗೆಮನೆ, ಎಡಕ್ಕೆ ನಾಲ್ಕಕ್ಕೆ ದೇವರ ಮೂಲೆ. ಪ್ರತಿ ಅಮಾವಾಸ್ಯೆಗೆ ಸಗಣಿಯಿಂದ ನೆಲ ಸಾರಿಸುವುದನ್ನೂ ಬಿಟ್ಟಿರಲಿಲ್ಲ. ಅವಳೇ ಐವತ್ತು ವರ್ಷ ಅಂಗೈಯಿಂದ ತಿದ್ದಿದ ನೆಲ ಅದು. ಅದನ್ನು ಅಗೆದು, ಅವಳಿಗಾಗಿಯೇ ಎಂದು ಹೇಳಿಕೊಂಡು, ಅವನು ಸಪಾಟು ಮಾಡಿಸಿದ್ದ.

"ಹೊತ್ತಾತು," ಎಂದು ಹೊರಟುಬಂದ.

ಶನಿವಾರವಾದ್ದರಿಂದ ಎರಡೇ ಕ್ಲಾಸು. ಎರಡನೆಯದರಲ್ಲಿ, ಬೇಕೆಂದೇ ಇಟ್ಟ ಹಾಗೆ, ಮಣ್ಣುಗಳ ಪಾಠ ಬಂತು. ಪರಮೇಶ ಪುಸ್ತಕ ತೆರೆಯಲೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಬಾಯಲ್ಲಿದ್ದ ವಾಕ್ಯ ತಾನಾಗಿ ಹೊರಬಂತು.

"ಎರೆ ಮಣ್ಣು ತೇವವಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬರಕೊಳ್ರಿ."

ಎಲ್ಲರೂ ಬರೆದುಕೊಂಡರು. ಬರೆದುಕೊಂಡ ಮೇಲೆ ಕನಕಗಿರಿ ಕಡೆಯಿಂದ ಬರುವ ಗಂಗಾ ಎಂಬ ಹುಡುಗಿ ಎದ್ದು ನಿಂತಳು. ಅವಳಿಗೆ ಪ್ರಶ್ನೆ ಕೇಳುವ ರೋಗವಿತ್ತು.

"ಸರ್, ಹಂಗಾದ್ರ ಎರಿ ನೆಲದ ಮ್ಯಾಲ ಮನಿ ಹೆಂಗ ಕಟ್ತಾರ್ರಿ?"

"ಎರೆ ಮಣ್ಣನ್ನು ತೆಗೆದುಹಾಕಿ, ಗರಸು ತುಂಬಿ, ದಿಮ್ಮಸು ಹೊಡೆದು, ಆಮೇಲೆ ನೆಲ ಹಾಕುತ್ತಾರೆ," ಎಂದ ಪರಮೇಶ. ಸ್ಪಷ್ಟವಾಗಿ, ತಡವರಿಸದೆ, ಒಳ್ಳೆಯ ಗ್ರಂಥಭಾಷೆಯಲ್ಲಿ ಹೇಳಿದ.

"ನಮ್ಮಜ್ಜನೂ ಹಂಗ ಹೇಳ್ತಾನ್ರಿ," ಎಂದು ಅವಳು ಕೂತಳು. ಅವಳ ಅಜ್ಜ ಸಾಲೆಯ ಕಟ್ಟೆ ಹತ್ತಿದವನಲ್ಲವೆಂದು ಪರಮೇಶನಿಗೆ ಗೊತ್ತಿತ್ತು.

ಹಲಗೆಯ ಕಡೆ ತಿರುಗಿ, ಸುಮ್ಮನೆ ಇರಲಾರದೆ, ಒಂದು ಗೆರೆ ಎಳೆದ. ಗೆರೆಯ ನಡುವೆ ಸಣ್ಣದೊಂದು ಉಬ್ಬು ತಾನಾಗಿ ಬಂತು. ಗಡಬಡಿಸಿ ಒರೆಸಿದ. ಪುಸ್ತಕದ ಬದನೆಕಾಯಿ ಎಂದು ಊರ ಜನ ಹೇಳುವ ಮಾತು ನೆನಪಾಯಿತು. ತಾನು ಬದನೆಕಾಯಿಯನ್ನು ಬರೆದು, ಬರೆಸಿ, ಪರೀಕ್ಷೆ ಮಾಡಿ, ಅಂಕ ಹಾಕಿ, ಮನೆಗೆ ಹೋಗಿ ಅದು ತರಕಾರಿ ಎಂಬುದನ್ನು ಮರೆಯುವವನು ಎನಿಸಿ ನಾಚಿಕೆಯಾಯಿತು. ಗಂಟೆ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲ್ ಗೋವಿಂದರಾಜ ಎದುರಾದರು. ತುಮಕೂರು ಕಡೆಯವರು, ವರ್ಗವಾಗಿ ಬಂದು ಎರಡು ವರ್ಷ. ಎರಡು ತಿಂಗಳಿಂದ ಮೊಸಾಯಿಕ್ಕಿನ ವರ್ಣನೆ ಕೇಳಿ ಕೇಳಿ ಸೋತು, "ಆಯ್ತು, ಒಂದ್ಸಲ ಬಂದು ನೋಡ್ತೀನಿ ಬಿಡಿ" ಎಂದಿದ್ದರು. ಅದನ್ನು ಪರಮೇಶ ಆಸಕ್ತಿ ಎಂದು ತಿಳಿದಿದ್ದ.

"ಐದಕ್ಕೆ ತಾನೆ? ಬರ್ತೀನಿ. ಹತ್ತು ನಿಮಿಷ ಅಷ್ಟೆ," ಎಂದರು.

ಮನೆಗೆ ಬಂದಾಗ ಹನ್ನೆರಡೂವರೆ. ನಜೀಬ ಮೂಲೆಗಳನ್ನೆಲ್ಲ ಕಲ್ಲಿನಿಂದ ಕೈಯಲ್ಲೇ ಉಜ್ಜಿ ಮುಗಿಸಿದ್ದ. ನಡುವಿನದನ್ನು ಹಾಗೇ ಬಿಟ್ಟಿದ್ದ. ಉಬ್ಬಿನ ಮೇಲೆ ಬೆರಳ ಗೆಣ್ಣಿನಿಂದ ಬಡಿದು ಕೇಳಿಸಿದ.

"ಕೇಳ್ರಿ. ಎಲ್ಲಾ ಕಡೆ ಟಣ್ ಅಂತೈತಿ, ಇಲ್ಲಷ್ಟ ಧಬ್ ಅಂತೈತಿ. ಬುಡಕ ಎರಿ ಐತ್ರಿ, ಸರ್. ಹಗೇವಿತ್ತೇನ್ರಿ ಇಲ್ಲಿ?"

ಪರಮೇಶ ಬೂಟಿನ ಲೇಸು ಬಿಚ್ಚುವುದರಲ್ಲಿ ಮಗ್ನನಾದ.

"ಸುಳ್ಳ್ಯಾಕ ಹೇಳ್ಲಿ. ನಮ್ಮಪ್ಪನ ಕಾಲದಿಂದ ಮೊಸಾಯಿಕ್ ಹಾಕ್ಕೊಂತ ಬಂದೀವಿ. ಕಾಲುವಿ ಕಡೆ ಹಳೇ ಮನಿ ಅಂದ್ರ ಮೊದ್ಲು ಕೇಳೂದ ಹಗೇವು. ನಿಮ್ಮನ್ನೂ ಕೇಳಿದ್ದೆ."

ಕೇಳಿದ್ದ. ಇಲ್ಲ ಎಂದು ಪರಮೇಶ ಹೇಳಿದ್ದ.

"ಈಗ ಏನು ಮಾಡಬೇಕು?"

"ಇಷ್ಟನ್ನ ಒಡೀಬೇಕ್ರಿ. ಎರಿ ತೆಗೀಬೇಕು. ಗರಸು ಹಾಕಿ, ಒಣಗಿಸಿ, ಬ್ಯಾಸಗಿಗೆ ಮತ್ತ ಹಾಕಿಕೊಡ್ತೀನಿ."

"ಇವತ್ತು?"

"ಇವತ್ತು ಬೇಕಂದ್ರ ಮಷಿನ್ ಹಾಕಿ ಉಬ್ಬು ಉಜ್ಜಿಬಿಡ್ತೀನ್ರಿ. ಸಪಾಟ ಕಾಣ್ತೈತಿ. ಖರೆ ಮ್ಯಾಲಿನ ಪದರ ಹಪ್ಪಳದಷ್ಟ ಉಳೀತೈತಿ. ಹದಿನೈದು ದಿನಕ್ಕ ಮತ್ತ ಎದ್ದು ಬರ್ತೈತಿ. ಆಗ ಉಬ್ಬಂಗಿಲ್ಲ, ಒಡೀತೈತಿ."

ಪರಮೇಶ ಯೋಚಿಸುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಕವಿತಾ ಅತ್ತೆಯನ್ನು ಕೈ ಹಿಡಿದು ಹೊಸ್ತಿಲವರೆಗೆ ಕರೆತಂದಿದ್ದಳು. ಕೊಟ್ಟಿಗೆಗೆ ಗದ್ದೆಯ ಜವಳು ಬಂದು ಹೊರಸಿನ ಕಾಲು ಹಸಿಯಾಗಿದೆ, ಸಂಜೆಯವರೆಗೆ ಅಲ್ಲಿಡಲು ತನ್ನಿಂದಾಗುವುದಿಲ್ಲ ಎಂದಳು. ಅತ್ತೆಯ ಕೈ ಬಿಟ್ಟು, ಒಲೆಯ ಮೇಲಿನ ಸಾರು ನೋಡಲು ಹೋದಳು.

ಹಂಪವ್ವ ಹೊಸ್ತಿಲು ದಾಟಿದಳು. ತಗ್ಗಿಗೆಂದು ಕಾಲು ಇಳಿಸಿದಳು. ತಗ್ಗಿರಲಿಲ್ಲ. ಕಾಲು ಮೇಲೇ ನಿಂತಿತು. ಒಂದು ಕ್ಷಣ ತಾನು ಎಲ್ಲಿಗೆ ಬಂದೆನೆಂದು ಕೇಳಿಸಿಕೊಳ್ಳುವವಳಂತೆ ತಲೆ ವಾರೆ ಮಾಡಿದಳು. ಬಲಕ್ಕೆ ಸರಿದು ಮಂಚದ ಕುಳಿ ಹುಡುಕಿದಳು. ಇನ್ನೂ ಸರಿದಳು. ಗೋಡೆಗೆ ಹಣೆ ತಾಗಿತು.

"ಇದ್ಯಾರ ಮನಿ?" ಎಂದಳು.

"ನಮ್ಮನೀನ ಅವ್ವ," ಎಂದ ಪರಮೇಶ. ಅವನ ದನಿ ಅವನಿಗೇ ಸಾಲದಾಯಿತು.

ಅವಳು ಎರಡೂ ಕೈ ಮುಂದೆ ಚಾಚಿ ನಡೆದಳು. ಎಂಟು ವರ್ಷದಲ್ಲಿ ಅವ್ವ ಕೈ ಚಾಚಿ ನಡೆದದ್ದನ್ನು ಪರಮೇಶ ನೋಡಿರಲಿಲ್ಲ. ಕುರುಡಿಯ ಹಾಗೆ ನಡೆಯುತ್ತಿದ್ದಾಳೆ ಎನಿಸಿತು. ಅವಳು ಕುರುಡಿ ಎಂಬುದು ಆಮೇಲೆ ನೆನಪಾಯಿತು. ನಜೀಬ ಎದ್ದು ಗೋಡೆಗೆ ಸರಿದು ದಾರಿ ಬಿಟ್ಟ. ಆರು ಹೆಜ್ಜೆ, ಏಳು ಹೆಜ್ಜೆ. ಅವಳ ಬಲಗಾಲಿನ ಹೆಬ್ಬೆರಳು ಉಬ್ಬಿಗೆ ತಾಗಿತು.

ಅವಳು ನಿಂತಳು. ಇನ್ನೊಂದು ಕಾಲನ್ನೂ ಅದರ ಮೇಲಿಟ್ಟಳು. ಬೆರಳುಗಳಿಂದ ಅದರ ಅಂಚು ಸವರಿ, ದುಂಡು ಅಳೆದಳು. ಮುಖ ಅರಳಿತು.

"ಹಾಂ, ಇಲ್ಲೈತಿ ಹಗೇವು! ಮುಚ್ಚೀವಿ ಅಂದಿಯಲ್ಲೋ, ಸುಳ್ಳ."

ಅಲ್ಲಿಂದ ಅವಳು ಕೈ ಚಾಚಲಿಲ್ಲ. ಸೆರಗು ಸರಿಮಾಡಿಕೊಂಡು, ಬಲಕ್ಕೆ ತಿರುಗಿ, ಏಳು ಹೆಜ್ಜೆ ಎಣಿಸಿ ನೇರ ಅಡುಗೆಮನೆಯ ಬಾಗಿಲಿಗೆ ಹೋಗಿ ಚೌಕಟ್ಟು ಮುಟ್ಟಿದಳು. ತಿರುಗಿ ಬಂದಳು. ಮತ್ತೆ ಉಬ್ಬಿನ ಮೇಲೆ ನಿಂತಳು. ಎಡಕ್ಕೆ ನಾಲ್ಕು ಹೆಜ್ಜೆ ನಡೆದು ದೇವರ ಮೂಲೆಗೆ ಕೈಮುಗಿದಳು. ಸಣ್ಣ ಹುಡುಗಿ ಕುಂಟಾಬಿಲ್ಲೆ ಆಡಿದಂತಿತ್ತು.

"ಛಲೋ ಆತು ಬಿಡ್ರಿ," ಎಂದ ನಜೀಬ ಮೆಲ್ಲಗೆ. "ಅವ್ವಾರಿಗೆ ಗುರುತಿಗೆ ಇರ್ಲಿ. ಬ್ಯಾಸಗಿಗೆ ನೋಡೂಣು. ಹೊಸಾದು ಹಾಕುವಾಗ ಗುರುತಿಗೊಂದು ಕಲ್ಲು ಕೂಡಿಸ್ತೀನಿ."

ಪರಮೇಶ ಕಲ್ಲೇನೂ ಆಗಿರಲಿಲ್ಲ. ಬಿಡು, ಇರಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಣ್ಣು ಗಡಿಯಾರಕ್ಕೆ ಹೋಯಿತು. ಒಂದೂಕಾಲು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ಮೊದಲು ನೋಡುವುದು ನಡುವನ್ನೇ. ನೆಲ ಉಬ್ಬಿದೆಯಲ್ರೀ ಎನ್ನುತ್ತಾರೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಭೂಗೋಳದವರ ಮನೆಯಲ್ಲೇ ಭೂಕಂಪ ಎಂದು ಯಾರೋ ಒಬ್ಬರು ಜೋಕು ಮಾಡೇ ಮಾಡುತ್ತಾರೆ. ಎಲ್ಲರೂ ನಗುತ್ತಾರೆ. ತಾನೂ ನಗಬೇಕಾಗುತ್ತದೆ.

"ಉಜ್ಜಿಬಿಡ್ರಿ," ಎಂದ.

"ಸರ್?"

"ಇವತ್ತಿನ ಮಟ್ಟಿಗೆ. ಆಮೇಲೆ ನೋಡೋಣ."

ನಜೀಬ ಅವನ ಮುಖ ನೋಡಿದ. ಆಮೇಲೆ ದೇವರ ಮೂಲೆಯಲ್ಲಿ ನಿಂತ ಮುದುಕಿಯನ್ನು ನೋಡಿದ. ಮಷಿನಿನ ವೈರು ಬಿಚ್ಚತೊಡಗಿದ.

ಕವಿತಾ ಬಂದು ಅತ್ತೆಯನ್ನು ಅಡುಗೆಮನೆಗೆ ಕರೆದೊಯ್ದಳು. ಹೋಗುವಾಗ ಗಂಡನಿಗೆ ಕೇಳಿಸುವಷ್ಟೇ ದನಿಯಲ್ಲಿ, "ಮ್ಯಾಲ ಥಳಕು, ಒಳಗ ಹುಳುಕು," ಎಂದಳು. ನೆಲಕ್ಕೆ ಅಂದಳೋ ಏನೋ. ಪರಮೇಶ ನೆಲಕ್ಕೇ ಅಂದಳೆಂದು ಇಟ್ಟುಕೊಂಡ.

ಎರಡು ತಾಸು ಮಷಿನು ಕೂಗಿತು. ಬೂದಿ ಬಣ್ಣದ ರಾಡಿ ಹರಿದು ಅಂಗಳಕ್ಕೆ ಹೋಯಿತು. ಒಳಗಿನಿಂದ ಅವ್ವ, "ಯಾರ ಮನ್ಯಾಗ ಬೀಸಾಕತ್ತಾರ, ಇಷ್ಟ ಹೊತ್ತಿನ್ಯಾಗ?" ಎಂದು ಕೇಳಿದ್ದು ಒಮ್ಮೆ ಕೇಳಿಸಿತು. ನಜೀಬ ಮತ್ತೆ ಪಟ್ಟಿ ಇಟ್ಟ, ರಸಮಟ್ಟ ಇಟ್ಟ. ಗುಳ್ಳೆ ಬಂದು ನಡುವೆ ಕೂತಿತು. ತೊಳೆದು, ಒರೆಸಿ, ಮೇಣ ತಿಕ್ಕಿ, ನಾಲ್ಕೂವರೆಗೆ ಸಾಮಾನು ಕಟ್ಟಿಕೊಂಡ.

"ನೋಡ್ಕೊಳ್ರಿ ಸರ್. ನಿಮ್ಮ ಗುಳ್ಳಿ ನಡುವ ಐತಿ," ಎಂದ. ಚಹಾ ಕುಡಿಯದೆ ಹೋದ.

ಪರಮೇಶ ಫ್ಯಾನು ಹಾಕಿ, ಬಾಗಿಲ ಹೊಸ್ತಿಲಲ್ಲಿ ನಿಂತು ನೋಡಿದ. ನೆಲದೊಳಗೆ ಫ್ಯಾನು ತಿರುಗುತ್ತಿತ್ತು. ಎಷ್ಟೋ ವರ್ಷಗಳಿಂದ ಕಾದಿದ್ದ ದೃಶ್ಯ ಅದು. ಸಂತೋಷವಾಗಬೇಕಿತ್ತು. ಬರಲಿ ಎಂದು ಸ್ವಲ್ಪ ಹೊತ್ತು ನಿಂತು ಕಾದ. ಬಸ್ಸು ತಪ್ಪಿದವನ ಹಾಗೆ ಸುಮ್ಮನೆ ನಿಂತಂತಾಯಿತು.

ಐದಕ್ಕೆ ಹತ್ತು ನಿಮಿಷವಿರುವಾಗಲೇ ಪ್ರಿನ್ಸಿಪಾಲರು ಬಂದರು. ಅಡ್ಡದಾರಿ ಹಿಡಿದು ಗದ್ದೆಯ ಬದುವಿನ ಮೇಲೆ ಬಂದಿದ್ದರು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತರು. ಪರಮೇಶನ ಕಣ್ಣು ನೆಲದ ನಡುವಿಗೆ ಹೋಯಿತು. ಅವರು ಬೂಟು ಬಿಚ್ಚದೆ ಒಳಗೆ ನಡೆದರು. ಎರೆಯ ಕಪ್ಪು ಹೆಜ್ಜೆಗಳು ಹೊಸ ಮೇಣದ ಮೇಲೆ ಸಾಲಾಗಿ ಮೂಡಿ ಕುರ್ಚಿಯವರೆಗೆ ಹೋದವು. ಕಾಲು ಕೆಸರಿದೆ ಎಂದು ಹೇಳುವ ಸರದಿ ಅವನದಾಗಿತ್ತು.

"ಬನ್ನಿ ಸರ್, ಬನ್ನಿ," ಎಂದ.

ಹಂಪವ್ವ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ನಮ್ಮ ತಾಯಿ ಎಂದು ಪರಿಚಯಿಸಿದ. ಪ್ರಿನ್ಸಿಪಾಲರು ಗೋಡೆಗೆ ನಮಸ್ಕಾರ ಮಾಡಿದಂತೆ ಆ ಕಡೆ ಕೈಯೆತ್ತಿ ಮೊಬೈಲು ನೋಡಿದರು. ಚಹಾ ಬಂತು. ಅರ್ಧ ಕುಡಿದ ಮೇಲೆ ನೆಲ ನೆನಪಾಯಿತು.

"ಓ, ಇದೇನಾ ನಿಮ್ಮ ಮೊಸಾಯಿಕ್ಕು? ನಮ್ಮ ತಾತನ ಮನೇಲಿ ಇತ್ತು ಕಣ್ರೀ. ಹೋದ ವರ್ಷ ಕಿತ್ತಾಕಿಸಿ ಟೈಲ್ಸ್ ಹಾಕಿಸಿದ್ವಿ. ಮೇಂಟೆನೆನ್ಸ್ ಕಷ್ಟ."

"ಹೌದು ಸರ್."

"ಚೆನ್ನಾಗಿದೆ, ಚೆನ್ನಾಗಿದೆ. ಲೆವೆಲ್ ಚೆನ್ನಾಗಿ ಬಂದಿದೆ."

ಅಡುಗೆಮನೆಯಲ್ಲಿ ಒಂದು ಪಾತ್ರೆ ಜೋರಾಗಿ ಬಿತ್ತು. ಬಿತ್ತೋ, ಬೀಳಿಸಿದ್ದೋ. ಪ್ರಿನ್ಸಿಪಾಲರು ಎದ್ದರು. ಬಂದ ಹೆಜ್ಜೆಗಳನ್ನು ಬಿಟ್ಟು ಬೇರೆ ಜಾಗದಲ್ಲಿ ಹೆಜ್ಜೆಯಿಡುತ್ತ ಹೊರಟರು. ಪರಮೇಶ ಚಪ್ಪಲಿ ಮೆಟ್ಟಿ ಓಣಿಯ ತಿರುವಿನವರೆಗೂ ಹೋಗಿ ಕಳಿಸಿದ. ಸೋಮವಾರ ಫಲಿತಾಂಶದ ಪಟ್ಟಿ ಕೊಡಿ ಎಂದು ಅವರು ಹೇಳಿದರು. ನೆಲದ ಮಾತು ಮತ್ತೆ ಬರಲಿಲ್ಲ.

ತಿರುಗಿ ಬಂದು ಹೊರಗೆ ಚಪ್ಪಲಿ ಬಿಟ್ಟ. ಅಂಗಳದ ನಲ್ಲಿಯಲ್ಲಿ ಕಾಲು ತೊಳೆದು, ಹೊಸ್ತಿಲು ದಾಟಿದ.

ಅವ್ವ ಪಡಸಾಲೆಯ ನಡುವೆ ನಿಂತಿದ್ದಳು. ಕವಿತಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ನೀರಿನ ಸದ್ದು ಬರುತ್ತಿತ್ತು. ಎದ್ದು ಎಲ್ಲಿಗೋ ಹೊರಟ ಅವ್ವನಿಗೆ ದಾರಿ ಸಿಕ್ಕಿರಲಿಲ್ಲ. ಒಂದು ಕೈ ಮುಂದೆ ಚಾಚಿಕೊಂಡು, ಬಲಗಾಲಿನ ಹೆಬ್ಬೆರಳಿನಿಂದ ನೆಲ ಸವರುತ್ತಿದ್ದಳು. ಸವರಿ ಒಂದು ಹೆಜ್ಜೆ ಸರಿದು ಮತ್ತೆ ಸವರಿದಳು.

"ಇಲ್ಲೇ ಇತ್ತಲ್ಲ," ಎಂದಳು ತನ್ನಷ್ಟಕ್ಕೆ.

ಅವಳು ನಿಂತದ್ದು ಅದರ ಮೇಲೆಯೇ. ಪರಮೇಶನಿಗೆ ಅದು ಕಾಣುತ್ತಿತ್ತು. ಉಜ್ಜಿದ ಜಾಗದಲ್ಲಿ ಹರಳುಗಳು ಉಳಿದೆಡೆಗಿಂತ ಸ್ವಲ್ಪ ಬಿಳಿಚಿಕೊಂಡಿದ್ದವು. ಅವಳ ಕಾಲಿಗೆ ಅದು ಗೊತ್ತಾಗುವ ಹಾಗಿರಲಿಲ್ಲ.

ಅವನು ಹತ್ತಿರ ನಡೆದ. ಹಿಮ್ಮಡ ಊರಿಯೇ ನಡೆದ, ಎಂದಿನಂತೆ. ನೆಲ ದಪ್ ಎನ್ನಲಿಲ್ಲ. ಒದ್ದೆ ಕಾಲು ಅಂಟಿ ಬಿಡುವ ಸಣ್ಣ ಸದ್ದು, ಯಾರ ಕಾಲಿನದಾದರೂ ಆಗಬಹುದಾದದ್ದು, ಅಷ್ಟೇ. ಅವ್ವ ತಟ್ಟನೆ ತಲೆಯೆತ್ತಿದಳು. ಚಾಚಿದ ಕೈ ಹಿಂದೆಗೆದುಕೊಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಯಾರ್ರಿ?" ಎಂದಳು.

ಪರಮೇಶ ನಿಂತ. ನಾನು ಎಂದರೆ ಸಾಕಿತ್ತು. ಮಾತು ಬಂದಾಗಿನಿಂದ ಅವಳಿಗೆ ಹೇಳುತ್ತ ಬಂದ ಮಾತು ಅದು. ಅದನ್ನು ಹೇಳಿದರೆ ಅವಳು ಮುಂದಿನದನ್ನು ಕೇಳುತ್ತಾಳೆ: ಮಧ್ಯಾಹ್ನ ಇದ್ದ ಹಗೇವು ಎಲ್ಲಿ ಹೋಯಿತು? ಬಾಯಿ ತೆರೆದ. ಮತ್ತೆ ಮುಚ್ಚಿದ.

"ಯಾರ್ರಿ ಬಂದವ್ರು? ಕಾಲೇಜಿನವ್ರೇನ್ರಿ?" ಅವಳು ಸ್ವಲ್ಪ ಕಾದಳು. ಆಮೇಲೆ ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸಬಾರದೆಂಬಂತೆ ದನಿ ಮೆತ್ತಗಾಯಿತು. "ಕೂಡ್ರಿ. ನಮ್ಮ ಪರಮೇಶ ಸಾಹೇಬ್ರನ್ನ ಕಳಿಸಾಕ ಹೋಗ್ಯಾನ. ಈಗ ಬರ್ತಾನ. ಅವ ಬಂದ್ರ ನನಗ ಗೊತ್ತಾಗ್ತೈತಿ."

ಪರಮೇಶ ಸದ್ದಾಗದಂತೆ ಕುರ್ಚಿಯ ತುದಿಯಲ್ಲಿ ಕೂತ. ಕಾಲನ್ನು ನೆಲಕ್ಕೆ ಪೂರ್ತಿ ಊರದೆ ಹತ್ತಿರ ಎಳೆದುಕೊಂಡ. ಕೆಳಗೆ ಫ್ಯಾನು ತಿರುಗುತ್ತಿತ್ತು. ಅವ್ವ ಪಡಸಾಲೆಯ ನಡುವೆ ಹಾಗೇ ನಿಂತು, ಬಾಗಿಲ ಕಡೆ ಕಿವಿಗೊಟ್ಟಳು. ಅವನೂ ಬಾಗಿಲನ್ನೇ ನೋಡುತ್ತ ಕೂತ.